ಯಂತ್ರಸೂಚನೆಗಳ ಕಾಲಮಾನ ವಿಚಾರ

೧. ಉಪೋದ್ಘಾತ

ಹಳೆಯ ಓಲೆಯ ಪ್ರತಿಯೊಂದನ್ನು ಪರಿಷ್ಕರಿಸತೊಡಗಿದವನು ಮೊದಲು ಮಾಡತಕ್ಕ ಕೆಲಸಗಳಲ್ಲಿ ಮಾತ್ರೆಗಳನ್ನೆಣಿಸುವುದೂ ಒಂದೆಂಬುದು ವಾಚಕಮಹಾಶಯರಿಗೆ ವಿದಿತವೇ ಆಗಿದೆ. ಭಾಮಿನೀಷಟ್ಪದಿಯಾದರೆ ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ ಹದಿನಾಲ್ಕರಂತೆಯೂ, ಮೂರು ಮತ್ತು ಆರನೆಯ ಪಾದಗಳಿಗೆ ಇಪ್ಪತ್ತಮೂರರಂತೆಯೂ ಒಟ್ಟು ೧೦೨ ಮಾತ್ರೆಗಳಿರತಕ್ಕದ್ದು. ಒಂದು ಮಾತ್ರೆ ಹೆಚ್ಚಿದರೂ ಕಡಮೆಯಾದರೂ ಲಿಪಿಕಾರನ ಕೈ ಎಲ್ಲಿಯೋ ತಪ್ಪಿದೆಯೆಂದು ನಾವು ಊಹಿಸುತ್ತೇವೆ. ಅರ್ಥವು ಕೂಡುವಂತಿದ್ದರೂ ಆ ಪಾಠವನ್ನು ನಂಬುವುದಿಲ್ಲ. ಛಂದಸ್ಸನ್ನರಿಯದವನ ಕೈಗೆ ಪ್ರತಿಯು ಸಿಕ್ಕಿದರೆ ಅಕ್ಷರಗಳೆಲ್ಲ ಉಳಿದೂ ಪದ್ಯವು ಅಳಿಯುವ ಸಂಭವವುಂಟು.

ಇಂತಹುದೇ ಅಪಾಯವು ನಮ್ಮ ಕಾಲಕ್ಕೆ ತೀರ ಸಮೀಪದ ಒಂದು ಗ್ರಂಥರಾಶಿಗೆ ಒದಗಿದೆ. ೧೯೭೫ರಿಂದ ಸುಮಾರು ೧೯೯೦ರವರೆಗೆ ಅಮೆರಿಕಾ, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಮನೆಗಳನ್ನು ಹೊಕ್ಕ ಸಣ್ಣ ಕಂಪ್ಯೂಟರುಗಳಿಗಾಗಿ ಅಸೆಂಬ್ಲಿ ಭಾಷೆಯಲ್ಲಿ ರಚಿತವಾದ ಪ್ರೋಗ್ರಾಮುಗಳೇ ಆ ಗ್ರಂಥರಾಶಿ. ಇವುಗಳಲ್ಲಿ ಮುಖ್ಯವಾದ ಹಲವು, ಯಂತ್ರವು ಏನು ಮಾಡಬೇಕೆಂಬುದನ್ನು ಮಾತ್ರವೇ ಅಲ್ಲದೆ ಎಷ್ಟು ಕಾಲದಲ್ಲಿ ಮಾಡಬೇಕೆಂಬುದನ್ನೂ ಲೆಕ್ಕಹಾಕಿ ಬರೆದವುಗಳು. ಅವುಗಳ ಬರೆಹದಲ್ಲಿ ಕಾಲವು ಕಣ್ಣಿಗೆ ಕಾಣುವುದಿಲ್ಲ. ಪದ್ಯದಲ್ಲಿ ಮಾತ್ರೆಯು ಹೇಗೋ ಹಾಗೆ ಬಲ್ಲವನಿಗೆ ಮಾತ್ರ ತಿಳಿಯುತ್ತದೆ. ಈ ಕಾಲಮಾನದ ಸ್ವರೂಪವೇನು, ಅದು ಎಲ್ಲಿಂದ ಹುಟ್ಟಿತು, ಅದನ್ನು ಕಲಿಯುವ ಕ್ರಮವೇನು, ಕಲಿಯದೆ ಹೋದರೆ ಬರುವ ನಷ್ಟವೇನು ಎಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನೋದಿದವನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದೆಂದು ಕೆಲವರು ಕೇಳಬಹುದು. ಕಂಪ್ಯೂಟರಿನ ಉದ್ಯೋಗದಲ್ಲಿರುವ ನನ್ನ ಶಿಷ್ಯನೊಬ್ಬನು ರಜೆಯಲ್ಲಿ ಮನೆಗೆ ಬಂದಾಗ ಇಂತಹ ಪ್ರೋಗ್ರಾಮೊಂದನ್ನು ತೋರಿಸಿ, ಪ್ರತಿ ಸಾಲಿನ ಬಲಗಡೆಯಲ್ಲಿ ೨, ೩, ೫ ಎಂದು ಅಂಕಿಗಳನ್ನು ಬರೆಯುತ್ತ ಹೋದನು. ಅದು ಪ್ರಸ್ತಾರಹಾಕುವ ಕ್ರಮವೇ ಎಂದು ನನಗೆ ಕೂಡಲೇ ತೋರಿತು. ಅಲ್ಲಿಂದೀಚೆಗೆ ಎರಡು ವರ್ಷಗಳ ಅಭ್ಯಾಸದಿಂದ ನನಗೆ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

೨. ಪೂರ್ವೇತಿಹಾಸ

ಮೊದಲು ಪರಿಭಾಷೆಯನ್ನು ಹೇಳಬೇಕು. ಕಂಪ್ಯೂಟರಿನಲ್ಲಿ ಲೆಕ್ಕಮಾಡುವ ಅಂಗವು ಪ್ರೊಸೆಸರು. ಅದಕ್ಕೆ ಕೊಡುವ ಒಂದೊಂದು ಅಪ್ಪಣೆಯೂ ಒಂದೊಂದು ಸೂಚನೆ. ಪ್ರೊಸೆಸರಿಗೆ ತಾಳಹಾಕುವ ಗಡಿಯಾರವೊಂದುಂಟು. ಅದರ ಒಂದು ಮಿಡಿತವನ್ನು ಈ ಲೇಖನದಲ್ಲಿ ‘ಆವರ್ತ’ವೆಂದು ಕರೆಯುತ್ತೇನೆ. ಒಂದು ಸೂಚನೆಯು ಮುಗಿಯಲು ಎಷ್ಟು ಆವರ್ತಗಳು ಬೇಕೋ ಅದೇ ಅದರ ಕಾಲಮಾನ. ಸೂಚನೆಗಳೂ ಅಂಕಿ ಅಂಶಗಳೂ ಇರುವ ಸ್ಥಳವು ಮೆಮೊರಿ. ಅಲ್ಲಿನ ಪ್ರತಿಯೊಂದು ಬೈಟಿಗೂ ಒಂದು ವಿಳಾಸವಿರುತ್ತದೆ.

ಕಾಲವನ್ನೆಣಿಸಿ ಬರೆಯುವ ಪದ್ಧತಿಯು ಸಣ್ಣ ಕಂಪ್ಯೂಟರುಗಳಿಗಿಂತ ಹಳೆಯದು. ಟ್ಯೂರಿಂಗನ ಯೋಜನೆಯನ್ನನುಸರಿಸಿ ಇಂಗ್ಲೆಂಡಿನಲ್ಲಿ ನಿರ್ಮಿತವಾಗಿ ೧೯೫೦ರಲ್ಲಿ ಚಾಲನೆಗೊಂಡ ಪೈಲಟ್ ಏಸ್ ಎಂಬ ಯಂತ್ರದಲ್ಲಿ ಪಾದರಸದ ಉದ್ದನೆಯ ಕೊಳವೆಗಳೇ ಮೆಮೊರಿ. ಅಲ್ಲಿ ಅಂಕಿಗಳು ಧ್ವನಿತರಂಗಗಳಾಗಿ ಸುತ್ತುತ್ತಿದ್ದವು; ಒಂದು ಸುತ್ತಿಗೆ ಸುಮಾರು ಒಂದು ಮಿಲಿಸೆಕೆಂಡು. ಬೇಕಾದ ಅಂಕಿಯು ಕೊಳವೆಯ ತುದಿಗೆ ಬರುವವರೆಗೆ ಕಾಯಬೇಕಾಗಿದ್ದುದರಿಂದ, ಕಾಯುವ ಕಾಲವು ಆದಷ್ಟು ಕಡಮೆಯಾಗುವಂತೆ ಸೂಚನೆಗಳನ್ನು ಹಂಚಿಡುವುದೇ ಬರೆಯುವವನ ಜಾಣ್ಮೆಯಾಗಿತ್ತು. ೧೯೫೪ರಲ್ಲಿ ಬಳಕೆಗೆ ಬಂದ ಐಬಿಎಂ ೬೫೦ ಯಂತ್ರದಲ್ಲಿ ಪಾದರಸದ ಬದಲು ನಿಮಿಷಕ್ಕೆ ೧೨,೫೦೦ ಸಲ ತಿರುಗುವ ಉರುಳೆಯಿತ್ತು. ಅದರ ಒಂದು ಸುತ್ತಿನಲ್ಲಿ ೫೦ ಪದಗಳು. ಒಂದು ಸುತ್ತಿಗೆ ೪.೮ ಮಿಲಿಸೆಕೆಂಡು. ಪ್ರತಿಯೊಂದು ಸೂಚನೆಯೂ ತನ್ನ ಮುಂದಿನ ಸೂಚನೆಯು ಎಲ್ಲಿರುವುದೆಂಬುದನ್ನು ತನ್ನಲ್ಲಿಯೇ ಹೇಳುತ್ತಿತ್ತು. ಆ ಸ್ಥಾನವು ಕ್ಷಣಮಾತ್ರ ಮೊದಲೇ ದಾಟಿಹೋಗಿದ್ದರೆ ಪೂರ್ತಿ ಒಂದು ಸುತ್ತನ್ನು ಕಾಯಬೇಕಾಗಿತ್ತು.

ಹೀಗೆ ಅಂದಿನ ಯಂತ್ರಗಳಲ್ಲಿ ಸೂಚನೆಯ ಕಾಲವು ಸೂಚನೆಯೊಳಗಿರಲಿಲ್ಲ, ಅದು ಕುಳಿತ ಸ್ಥಾನದಲ್ಲಿತ್ತು. ಸೂಚನೆಗೇ ನಿಯತವಾದ ಕಾಲವುಂಟೆಂಬ ಭಾವನೆಯನ್ನು ಶಾಸ್ತ್ರರೂಪದಲ್ಲಿ ಕಾಣಬೇಕಾದರೆ ಡೊನಾಲ್ಡ್ ಕ್ನೂತ್ ಎಂಬ ವಿದ್ವಾಂಸರ ಮಹಾಗ್ರಂಥದ ೧೯೬೮ರ ಪ್ರಥಮ ಸಂಪುಟವನ್ನು ನೋಡಬಹುದು. ಅದರಲ್ಲಿ ಮಿಕ್ಸ್ ಎಂಬ ಕಲ್ಪಿತ ಯಂತ್ರಕ್ಕೆ ಕೂಡುವುದಕ್ಕೆ ೨, ಗುಣಿಸುವುದಕ್ಕೆ ೧೦, ಭಾಗಿಸುವುದಕ್ಕೆ ೧೨ ಎಂದು ಕಾಲದ ಏಕಮಾನಗಳನ್ನು ವಿಧಿಸಿರುವರು. ಕಲ್ಪಿತ ಯಂತ್ರಕ್ಕೂ ಕಾಲಮಾನವನ್ನು ಹೇಳದೆ ವಿಧಾನಗಳ ಗುಣದೋಷವಿಮರ್ಶೆ ಸಾಧ್ಯವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೩. ೬೫೦೨ ಪ್ರೊಸೆಸರಿನ ಲಕ್ಷಣ

೧೯೭೫ರಲ್ಲಿ ಪೆನ್ಸಿಲ್ವೇನಿಯಾದ ಮಾಸ್ ಟೆಕ್ನಾಲಜಿ ಎಂಬ ಸಂಸ್ಥೆಯಿಂದ ೬೫೦೨ ಎಂಬ ಪ್ರೊಸೆಸರು ೨೫ ಡಾಲರಿನ ಬೆಲೆಗೆ ಹೊರಬಂದಿತು. ಮೊಟೊರೋಲ ಸಂಸ್ಥೆಯನ್ನು ಬಿಟ್ಟುಬಂದ ಚಕ್ ಪೆಡಲ್ ಎಂಬವರು ಇದರ ನಿರ್ಮಾಣದಲ್ಲಿ ಪ್ರಮುಖರು. ಆ ಕಾಲದ ಪ್ರೊಸೆಸರುಗಳಿಗೆ ಹೋಲಿಸಿದರೆ ಇದು ಅತ್ಯಂತ ಅಗ್ಗವಾದುದರಿಂದಲೇ ಮನೆಯ ಕಂಪ್ಯೂಟರುಗಳಿಗೂ ಆಟದ ಯಂತ್ರಗಳಿಗೂ ಇಳಿದುಬಂದಿತು. ಇದರಲ್ಲಿ ಸೂಚನೆಗಳ ಹೆಸರುಗಳು ೫೬. ವಿಳಾಸವನ್ನು ಹೇಳುವ ರೀತಿಗಳ ಭೇದದಿಂದ ಅಧಿಕೃತ ರೂಪಗಳು ೧೫೧.

ಈ ೧೫೧ ರೂಪಗಳ ಕಾಲಮಾನವನ್ನು ಕೋಷ್ಟಕದಲ್ಲಿ ಮುದ್ರಿಸಿರುವರು. ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಆ ಕೋಷ್ಟಕವನ್ನು ಕಂಠಪಾಠಮಾಡಲು ಯತ್ನಿಸಿ ಬೇಸತ್ತು ಬಿಡುವರು. ಇದು ಅಕಾರಾದಿ ಕೋಶದಲ್ಲಿರುವ ಪದಗಳಿಗೆಲ್ಲ ಲಘು ಗುರುಗಳನ್ನು ಬಾಯಿಪಾಠಮಾಡಿದಂತೆ. ಹ್ರಸ್ವವು ಲಘು; ದೀರ್ಘವೂ, ಅನುಸ್ವಾರ ವಿಸರ್ಗಗಳಿಂದ ಕೂಡಿದುದೂ, ಒತ್ತಕ್ಷರದ ಹಿಂದಿನದೂ ಗುರುವೆಂಬ ನಾಲ್ಕು ಮಾತುಗಳನ್ನರಿತವನಿಗೆ ಕೋಶವೇತಕ್ಕೆ? ಹಾಗೆಯೇ ೬೫೦೨ಕ್ಕೂ ಮೂಲಸೂತ್ರವೊಂದುಂಟು. ಪ್ರತಿಯೊಂದು ಆವರ್ತದಲ್ಲಿಯೂ ಈ ಪ್ರೊಸೆಸರು ಮೆಮೊರಿಯಿಂದ ಒಂದು ಬೈಟನ್ನು ಓದುತ್ತದೆ, ಇಲ್ಲವೇ ಮೆಮೊರಿಗೆ ಒಂದು ಬೈಟನ್ನು ಬರೆಯುತ್ತದೆ; ಸುಮ್ಮನೆ ಇರುವ ಆವರ್ತವಿಲ್ಲ. ಆದುದರಿಂದ ಒಂದು ಸೂಚನೆಯು ಎಷ್ಟು ಸಲ ಮೆಮೊರಿಯನ್ನು ಮುಟ್ಟುವುದೆಂದು ಎಣಿಸಿದರೆ ಕಾಲಮಾನವು ತಾನಾಗಿ ದೊರೆಯುತ್ತದೆ.

ಸ್ಥಾಲೀಪುಲಾಕನ್ಯಾಯದಿಂದ ಕೆಲವನ್ನು ನೋಡೋಣ. ಎಲ್‌ಡಿಎ ಎಂಬುದು ಪ್ರೊಸೆಸರಿನೊಳಗಿನ ಸಂಚಯಸ್ಥಾನಕ್ಕೆ ಒಂದು ಬೆಲೆಯನ್ನು ತುಂಬುವ ಸೂಚನೆ. ಬೆಲೆಯನ್ನು ಸೂಚನೆಯ ಪಕ್ಕದಲ್ಲಿಯೇ ಬರೆದಿದ್ದರೆ ಸೂಚನೆಯನ್ನು ಓದಲು ಒಂದು, ಬೆಲೆಯನ್ನು ಓದಲು ಒಂದು, ಒಟ್ಟು ೨ ಆವರ್ತ. ಮೆಮೊರಿಯ ಮೊದಲ ೨೫೬ ಬೈಟುಗಳಿಗೆ ಶೂನ್ಯಪುಟವೆಂದು ಹೆಸರು. ಅಲ್ಲಿನ ವಿಳಾಸವನ್ನು ಹೇಳಲು ಒಂದೇ ಬೈಟು ಸಾಕು. ಆದಕಾರಣ ಸೂಚನೆ, ವಿಳಾಸ, ಬೆಲೆ ಎಂದು ೩ ಆವರ್ತ. ಬೇರೆ ಕಡೆಯ ವಿಳಾಸಕ್ಕೆ ಎರಡು ಬೈಟುಗಳು ಬೇಕಾದುದರಿಂದ ೪ ಆವರ್ತ. ಮೆಮೊರಿಯಲ್ಲಿರುವ ಬೆಲೆಗೆ ಒಂದನ್ನು ಕೂಡಿಸುವ ಐಎನ್‌ಸಿ ಎಂಬುದಕ್ಕೆ ಶೂನ್ಯಪುಟದಲ್ಲಿ ೫. ಸೂಚನೆ, ವಿಳಾಸ, ಹಳೆಯ ಬೆಲೆಯ ಓದು, ಹಳೆಯ ಬೆಲೆಯನ್ನೇ ಮರಳಿ ಬರೆಯುವಿಕೆ, ಹೊಸ ಬೆಲೆಯ ಬರೆವಣಿಗೆ. ನಾಲ್ಕನೆಯದು ನಿಷ್ಪ್ರಯೋಜಕವೆಂದು ಕಾಣುವುದಾದರೂ, ಒಳಗೆ ಕೂಡುವ ಕೆಲಸ ನಡೆಯುವಾಗ ಹೊರಗಿನ ದಾರಿಯು ಬರಿದಾಗಿರಕೂಡದೆಂಬ ಮೇಲಿನ ಸೂತ್ರದ ಫಲವೇ ಅದು. ಒಂದೇ ಬೈಟಿನ ಸೂಚನೆಗಳಿಗೂ ೨ ಆವರ್ತಗಳೇಕೆಂಬ ಶಂಕೆಗೂ ಇದರಿಂದಲೇ ಪರಿಹಾರ: ಪ್ರೊಸೆಸರು ಮುಂದಿನ ಬೈಟನ್ನು ಓದಿಬಿಟ್ಟಿರುತ್ತದೆ, ಬೇಡವಾದರೆ ಬಿಸಾಡುತ್ತದೆ, ಆದರೆ ಆವರ್ತವು ಕಳೆದೇ ಹೋಗಿರುತ್ತದೆ.

೪. ಪುಟದ ಗಡಿ

ಮೇಲಿನ ಸೂತ್ರಕ್ಕೆ ಮುಖ್ಯವಾದ ಉಪಸೂತ್ರವೊಂದಿದೆ. ಮೆಮೊರಿಯನ್ನು ೨೫೬ ಬೈಟುಗಳ ಪುಟಗಳಾಗಿ ವಿಂಗಡಿಸಿರುವುದರಿಂದ ವಿಳಾಸದ ಮೇಲಿನ ಬೈಟು ಪುಟದ ಸಂಖ್ಯೆಯನ್ನೂ ಕೆಳಗಿನದು ಪುಟದೊಳಗಿನ ಸ್ಥಾನವನ್ನೂ ಹೇಳುತ್ತವೆ. ವಿಳಾಸಕ್ಕೆ ಮತ್ತೊಂದು ಸಂಖ್ಯೆಯನ್ನು ಕೂಡಿಸಬೇಕಾದಾಗ ಪ್ರೊಸೆಸರು ಮೊದಲು ಕೆಳಗಿನ ಬೈಟನ್ನು ಕೂಡಿಸುತ್ತದೆ. ದಶಕ ಮೀರದಿದ್ದರೆ ಕೆಲಸವು ಮುಗಿಯಿತು. ಮೀರಿದರೆ ಮೇಲಿನ ಬೈಟಿಗೆ ಒಂದನ್ನು ಸೇರಿಸಬೇಕು. ಅದಕ್ಕೆ ಇನ್ನೊಂದು ಆವರ್ತ ಬೇಕು. ಆದುದರಿಂದ ಎಕ್ಸ್ ಎಂಬ ಸೂಚಕಸ್ಥಾನದ ಬೆಲೆಯನ್ನು ವಿಳಾಸಕ್ಕೆ ಕೂಡಿಸಿ ಓದುವ ಎಲ್‌ಡಿಎಗೆ ೪, ಪುಟವನ್ನು ದಾಟಿದರೆ ೫. ಬರೆಯುವ ಸೂಚನೆಯಾದ ಎಸ್‌ಟಿಎಗಾದರೋ ಇದೇ ರೀತಿಯಲ್ಲಿ ಯಾವಾಗಲೂ ೫. ಏಕೆಂದರೆ ತಪ್ಪು ವಿಳಾಸದಿಂದ ಓದಿದರೆ ಬಿಸಾಡಬಹುದು, ತಪ್ಪು ವಿಳಾಸಕ್ಕೆ ಬರೆದರೆ ಅಲ್ಲಿದ್ದುದು ಹಾಳಾಗುತ್ತದೆ. ವಿಳಾಸವು ನಿಶ್ಚಿತವಾಗುವವರೆಗೆ ಕಾಯಲೇಬೇಕು.

ಲಘುವಾದ ಅಕ್ಷರವು ಮುಂದೆ ಒತ್ತಕ್ಷರ ಬಂದಾಗ ಗುರುವಾಗುವುದು ಇಲ್ಲಿ ನೆನಪಿಗೆ ಬರುತ್ತದೆ. ಅಕ್ಷರವು ಬದಲಾಗುವುದಿಲ್ಲ, ನೆರೆಯಿಂದ ಅದರ ತೂಕವು ಬದಲಾಗುತ್ತದೆ. ಈ ಉಪಸೂತ್ರವನ್ನು ನಾನು ಕಲಿತುದು ಓದಿನಿಂದಲ್ಲ, ತಪ್ಪಿನಿಂದ. ಕಾಲವನ್ನು ಕಳೆಯುವುದಕ್ಕಾಗಿ ಮೂರು ಸೂಚನೆಗಳ ತುಣುಕೊಂದನ್ನು ಬರೆದಿದ್ದೆನು. ಎಲ್‌ಡಿಎಕ್ಸ್ ಎಂಬುದರಿಂದ ಎಕ್ಸ್ ಸ್ಥಾನದಲ್ಲಿ ೧೦ನ್ನಿಡುವುದು. ಡಿಇಎಕ್ಸ್ ಎಂಬುದರಿಂದ ಒಂದನ್ನು ಕಳೆಯುವುದು. ಬಿಎನ್‌ಇ ಎಂಬುದರಿಂದ, ಶೂನ್ಯವಾಗದಿದ್ದರೆ, ಮರಳಿ ಡಿಇಎಕ್ಸ್‌ಗೆ ನೆಗೆಯುವುದು. ಮೊದಲನೆಯದಕ್ಕೆ ೨, ಎರಡನೆಯದಕ್ಕೆ ೨, ಮೂರನೆಯದಕ್ಕೆ ನೆಗೆದರೆ ೩, ನೆಗೆಯದಿದ್ದರೆ ೨. ಒಂಬತ್ತು ಸಲ ಐದರಂತೆ ೪೫, ಕೊನೆಯ ಸಲ ೪, ಮೊದಲಿನ ೨, ಒಟ್ಟು ೫೧ ಆವರ್ತಗಳು. ಕೆಲವು ದಿನಗಳವರೆಗೆ ಲೆಕ್ಕವು ಸರಿಯಾಗಿಯೇ ಬಂದಿತು. ಬಳಿಕ ಪ್ರೋಗ್ರಾಮಿನ ಆದಿಯಲ್ಲಿ, ಈ ತುಣುಕಿಗೆ ಸಂಬಂಧವೇ ಇಲ್ಲದ ಕೆಲವು ಸಾಲುಗಳನ್ನು ಸೇರಿಸಿದೆನು. ಕೂಡಲೇ ೫೧ ಹೋಗಿ ೬೦ ಆಯಿತು. ತುಣುಕಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಕೋಷ್ಟಕವೇ ತಪ್ಪೆಂದು ಎರಡು ದಿನ ಸಂಶಯಪಟ್ಟೆನು. ಕೊನೆಗೆ ತಿಳಿದುಬಂದುದೇನೆಂದರೆ, ಸೇರಿಸಿದ ಸಾಲುಗಳಿಂದ ತುಣುಕು ಕೆಳಕ್ಕೆ ಸರಿದು, ನೆಗೆಯಬೇಕಾದ ವಿಳಾಸವು ಒಂದು ಪುಟದಲ್ಲಿಯೂ ಬಿಎನ್‌ಇಯ ಮುಂದಿನ ಸೂಚನೆಯು ಇನ್ನೊಂದು ಪುಟದಲ್ಲಿಯೂ ಬಿದ್ದಿದ್ದವು. ಪ್ರತಿ ನೆಗೆತಕ್ಕೂ ೩ರ ಬದಲು ೪. ಒಂಬತ್ತು ನೆಗೆತಗಳಿಗೆ ಒಂಬತ್ತು ಆವರ್ತಗಳು ಹೆಚ್ಚಿದುವು. ಹಳೆಯ ಯಂತ್ರಗಳಲ್ಲಿ ಕಾಲವು ಸೂಚನೆಯ ಸ್ಥಾನವನ್ನವಲಂಬಿಸಿತ್ತೆಂದು ಮೇಲೆ ಹೇಳಿದೆನಷ್ಟೆ. ಅದರ ಒಂದು ಎಳೆಯು ಇಲ್ಲಿಯೂ ಉಳಿದುಬಂದಿದೆ.

೫. ಗ್ರಂಥಗಳಲ್ಲಿ ಪ್ರಯೋಗ

ಲಕ್ಷಣವಾಯಿತು, ಇನ್ನು ಲಕ್ಷ್ಯವನ್ನು ನೋಡಬೇಕು. ೧೯೭೭ರಲ್ಲಿ ಮಾರಾಟಕ್ಕೆ ಬಂದ ಅಟಾರಿ ಸಂಸ್ಥೆಯ ಆಟದ ಯಂತ್ರದಲ್ಲಿ (ಅದಕ್ಕೆ ಬಳಿಕ ೨೬೦೦ ಎಂಬ ಹೆಸರು ರೂಢವಾಯಿತು) ೬೫೦೨ರ ತಮ್ಮನಾದ ೬೫೦೭ ಎಂಬ ಪ್ರೊಸೆಸರೂ ೧೨೮ ಬೈಟುಗಳ ಮೆಮೊರಿಯೂ ಇದ್ದವು. ಟೆಲಿವಿಷನ್ನಿನ ಪರದೆಯ ಚಿತ್ರವನ್ನೆಲ್ಲ ಇಟ್ಟುಕೊಳ್ಳಲು ಅಷ್ಟು ಮೆಮೊರಿ ಸಾಲದು. ಆದಕಾರಣ ಟಿಐಎ ಎಂಬ ಚಿತ್ರದ ಚಿಪ್ಪಿನಲ್ಲಿ ಒಂದೇ ಸಾಲಿಗೆ ಬೇಕಾದಷ್ಟು ವಿವರಕ್ಕೆ ಮಾತ್ರ ಸ್ಥಳವನ್ನಿಟ್ಟು, ಪರದೆಯ ಮೇಲೆ ಕಿರಣವು ಎಡದಿಂದ ಬಲಕ್ಕೆ ಓಡುತ್ತಿರುವಾಗಲೇ ಪ್ರೋಗ್ರಾಮು ಸಾಲುಸಾಲಾಗಿ ಆ ವಿವರವನ್ನು ಬದಲಾಯಿಸುತ್ತಿರಬೇಕೆಂದು ಏರ್ಪಡಿಸಿದರು. ಒಂದು ಸಾಲಿಗೆ ಬಣ್ಣದ ಗಡಿಯಾರದ ೨೨೮ ಮಿಡಿತಗಳು. ಮೂರು ಮಿಡಿತಗಳಿಗೆ ಪ್ರೊಸೆಸರಿನ ಒಂದು ಆವರ್ತ. ಅಂದರೆ ಸಾಲಿಗೆ ೭೬ ಆವರ್ತಗಳು. ಅಮೆರಿಕಾದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ ೨೬೨ ಸಾಲುಗಳು, ಒಟ್ಟು ೧೯,೯೧೨ ಆವರ್ತಗಳು.

ಈ ೭೬ ಎಂಬುದೇ ಆ ಯಂತ್ರದ ಪಾದದ ಅಳತೆ. ಒಂದು ವಿವರವನ್ನು ಬದಲಾಯಿಸಲು ಬೆಲೆಯನ್ನು ತುಂಬುವ ಎಲ್‌ಡಿಎ ೨, ಚಿಪ್ಪಿಗೆ ಬರೆಯುವ ಎಸ್‌ಟಿಎ ೩, ಒಟ್ಟು ೫ ಆವರ್ತ. ಸಾಲು ಮುಗಿಯುವವರೆಗೆ ಪ್ರೊಸೆಸರನ್ನು ನಿಲ್ಲಿಸುವ ಸೂಚನೆಗೆ ೩. ಉಳಿದ ೭೩ರಲ್ಲಿ ಇಂತಹ ಬದಲಾವಣೆಗಳು ಹದಿನಾಲ್ಕಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಹಿನ್ನೆಲೆಯ ಚಿತ್ರಕ್ಕಿರುವ ಬಿಟ್ಟುಗಳು ಇಪ್ಪತ್ತೇ. ಅವು ಅರ್ಧ ಸಾಲಿಗೆ ಮಾತ್ರ ಸಾಕು. ಬಲಗಡೆಯ ಅರ್ಧವು ಎಡಗಡೆಯದರಂತಿರಬಾರದೆಂದರೆ ಕಿರಣವು ನಡುವನ್ನು ದಾಟುವ ಸಮಯಕ್ಕೆ ಸರಿಯಾಗಿ ಬಿಟ್ಟುಗಳನ್ನು ಬದಲಿಸಬೇಕು. ಬೇಗನೆ ಬದಲಿಸಿದರೆ ಎಡಗಡೆ ಕೆಡುತ್ತದೆ, ತಡವಾದರೆ ಬಲಗಡೆ ಕೆಡುತ್ತದೆ.

ಪರದೆಯ ಮೇಲೆ ಓಡಾಡುವ ಗೊಂಬೆಗಳ ವಿಷಯವು ಇನ್ನೂ ವಿಚಿತ್ರವಾಗಿದೆ. ಗೊಂಬೆಯು ಎಡದಿಂದ ಎಷ್ಟು ದೂರದಲ್ಲಿರಬೇಕೆಂದು ಸಂಖ್ಯೆಯಲ್ಲಿ ಹೇಳುವ ಸ್ಥಾನವೇ ಆ ಚಿಪ್ಪಿನಲ್ಲಿಲ್ಲ. ಗೊತ್ತಾದ ವಿಳಾಸಕ್ಕೆ ಪ್ರೋಗ್ರಾಮು ಯಾವ ಗಳಿಗೆಯಲ್ಲಿ ಬರೆಯುವುದೋ ಆ ಗಳಿಗೆಯಲ್ಲಿ ಕಿರಣವು ಎಲ್ಲಿರುವುದೋ ಅದೇ ಗೊಂಬೆಯ ಸ್ಥಾನ. ದೇಶವನ್ನು ಕಾಲದಿಂದಲೇ ಹೇಳಬೇಕು. ಇದಕ್ಕಾಗಿ ಪ್ರಸಿದ್ಧವಾದ ತುಣುಕೊಂದುಂಟು: ಬೇಕಾದ ದೂರದಿಂದ ೧೫ನ್ನು ಕಳೆಯುವುದು, ಋಣವಾಗದಿದ್ದರೆ ಮರಳಿ ಕಳೆಯುವುದು, ಋಣವಾದ ಕೂಡಲೇ ನಿಲ್ಲುವುದು. ಉಳಿದ ಶೇಷದಿಂದ ಸೂಕ್ಷ್ಮವಾದ ಸರಿಸಾಟವನ್ನು ಮಾಡುವರು. ಕಾಲಮಾನವನ್ನರಿಯದವನು ಇದನ್ನು ಓದಿದರೆ ೧೫ ಎಂಬ ಸಂಖ್ಯೆಯು ಯಾದೃಚ್ಛಿಕವೆಂದು ಭಾವಿಸುವನು. ಕಳೆಯುವ ಸೂಚನೆಗೆ ೨, ನೆಗೆಯುವ ಸೂಚನೆಗೆ ೩, ಕೂಡಿ ೫ ಆವರ್ತ. ಆವರ್ತಕ್ಕೆ ಮೂರರಂತೆ ೧೫ ಮಿಡಿತ. ತುಣುಕು ಒಂದು ಸಲ ಸುತ್ತುವಷ್ಟರಲ್ಲಿ ಕಿರಣವು ಸರಿಯಾಗಿ ೧೫ ಹೆಜ್ಜೆ ಮುಂದೆ ಹೋಗಿರುತ್ತದೆ. ಭಾಗಾಕಾರವೂ ಕಾಯುವಿಕೆಯೂ ಒಂದೇ ಆಗಿವೆ. ಈ ತುಣುಕು ಪುಟದ ಗಡಿಯಲ್ಲಿ ಬಿದ್ದರೆ ಸುತ್ತಿಗೆ ೬ ಆವರ್ತವಾಗಿ, ೧೮ ಮಿಡಿತವಾಗಿ, ಗೊಂಬೆಯು ಎಲ್ಲೆಲ್ಲಿಯೋ ನಿಲ್ಲುತ್ತದೆ.

ಇನ್ನೊಂದು ನಿದರ್ಶನವು ೧೯೭೮ರಲ್ಲಿ ಸ್ಟೀವ್ ವಾಜ್ನಿಯಾಕರು ಆಪಲ್ ೨ ಕಂಪ್ಯೂಟರಿಗಾಗಿ ರಚಿಸಿದ ಡಿಸ್ಕಿನ ಯಂತ್ರಕ್ಕೆ ಸೇರಿದುದು. ಖರ್ಚನ್ನು ತಗ್ಗಿಸುವುದಕ್ಕಾಗಿ ಅವರು ಕಾಲವನ್ನು ಕಾಯುವ ಕೆಲಸದ ಬಹುಭಾಗವನ್ನು ಪ್ರೋಗ್ರಾಮಿಗೇ ಒಪ್ಪಿಸಿದರು. ಒಂದು ಬಿಟ್ಟಿಗೆ ೪ ಆವರ್ತ, ಎಂಟು ಬಿಟ್ಟುಗಳ ಬೈಟಿಗೆ ೩೨ ಆವರ್ತ. ಡಿಸ್ಕಿಗೆ ಬರೆಯುವ ತುಣುಕು ೩೨ ಆವರ್ತಗಳಿಗೊಮ್ಮೆ ತಪ್ಪದೆ ಬೈಟನ್ನು ಕಳುಹಿಸಬೇಕು. ಯಾವ ದಾರಿಯಲ್ಲಿ ಹೋದರೂ ಮೊತ್ತವು ೩೨ ಆಗಲೇಬೇಕು. ಇದಕ್ಕಾಗಿ ಇಂತಹ ತುಣುಕುಗಳಲ್ಲಿ ಬೆಲೆಯೊಂದನ್ನು ರಾಶಿಯ ಮೇಲಿಟ್ಟು ಮರುಕ್ಷಣದಲ್ಲಿಯೇ ತೆಗೆದುಕೊಳ್ಳುವ ಜೋಡಿಸೂಚನೆಗಳು ಕಾಣುತ್ತವೆ. ಇಡುವುದಕ್ಕೆ ೩, ತೆಗೆಯುವುದಕ್ಕೆ ೪. ಬೆಲೆಯು ಮೊದಲಿನಂತೆಯೇ ಇದ್ದು ೭ ಆವರ್ತಗಳು ಕಳೆಯುತ್ತವೆ. ಅರ್ಥವನ್ನು ಮಾತ್ರ ನೋಡುವ ಪರಿಷ್ಕಾರಕನು ಇದನ್ನು ಪುನರುಕ್ತಿಯೆಂದು ಹೊಡೆದುಹಾಕುವನು. ಶ್ಲೋಕಗಳಲ್ಲಿ ಪಾದಪೂರಣಕ್ಕಾಗಿ ಬರುವ ಅವ್ಯಯಗಳನ್ನು ವ್ಯರ್ಥವೆಂದು ತೆಗೆದರೆ ಪದ್ಯಕ್ಕೆ ಆಗುವ ಗತಿಯೇ ಇಲ್ಲಿಯೂ ಆಗುವುದು. ಒಂದು ಭೇದವೇನೆಂದರೆ ಅಲ್ಲಿ ಕಿವಿಗೆ ಮಾತ್ರ ಕೆಡುಕು, ಇಲ್ಲಿ ಡಿಸ್ಕಿನ ಬರೆಹವೇ ನಾಶ.

೬. ಜೆಡ್-೮೦ ಮತ್ತು ಎರವಲಾಗಿ ಹೋದ ಕಾಲ

೧೯೭೬ರಲ್ಲಿ ಜೈಲಾಗ್ ಸಂಸ್ಥೆಯಿಂದ ಬಂದ ಜೆಡ್-೮೦ ಪ್ರೊಸೆಸರಿನ ನಿರ್ಮಾಪಕರಲ್ಲಿ ಫೆಡೆರಿಕೋ ಫಾಗಿನ್, ಮಸತೋಷಿ ಶಿಮಾ ಎಂಬವರು ಪ್ರಮುಖರು. ಇದರ ಕಾಲಮಾನಕ್ಕೆ ಸೂತ್ರವು ಬೇರೆ. ಸೂಚನೆಯನ್ನು ತರಲು ೪ ಆವರ್ತ, ಆಮೇಲಿನ ಪ್ರತಿಯೊಂದು ಓದಿಗೂ ಬರೆವಣಿಗೆಗೂ ೩ ಆವರ್ತ, ಒಳಗೆ ಹೆಚ್ಚಿನ ಕೆಲಸವಿದ್ದರೆ ಮತ್ತಷ್ಟು. ಆದುದರಿಂದ ಪಕ್ಕದ ಬೆಲೆಯನ್ನು ತುಂಬಲು ೭, ಎರಡು ಬೈಟುಗಳ ವಿಳಾಸಕ್ಕೆ ನೆಗೆಯಲು ೧೦, ಅಂತಹ ವಿಳಾಸದಿಂದ ಬೆಲೆಯನ್ನು ತರಲು ೧೩. ಇವುಗಳನ್ನು ೬೫೦೨ರ ೨, ೩, ೪ರೊಡನೆ ನೇರವಾಗಿ ಹೋಲಿಸಿ ಜೆಡ್-೮೦ ಮಂದವೆನ್ನುವುದು ಸರಿಯಲ್ಲ. ಒಂದರ ಆವರ್ತವು ಇನ್ನೊಂದರ ಆವರ್ತಕ್ಕಿಂತ ಚಿಕ್ಕದು. ಸೆಕೆಂಡಿಗೆ ೩೫ ಲಕ್ಷ ಆವರ್ತಗಳುಳ್ಳ ಜೆಡ್-೮೦ರಲ್ಲಿ ೧೩ ಆವರ್ತಗಳಿಗೆ ಸುಮಾರು ೩.೭ ಮೈಕ್ರೋಸೆಕೆಂಡು, ಸೆಕೆಂಡಿಗೆ ೧೦ ಲಕ್ಷದ ೬೫೦೨ರಲ್ಲಿ ಅದೇ ಕೆಲಸದ ೪ ಆವರ್ತಗಳಿಗೆ ೪ ಮೈಕ್ರೋಸೆಕೆಂಡು.

ಈ ಪ್ರೊಸೆಸರನ್ನುಳ್ಳ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಕಂಪ್ಯೂಟರನ್ನು ಇಂಗ್ಲೆಂಡಿನ ಸಿಂಕ್ಲೇರ್ ಸಂಸ್ಥೆಯು ೧೯೮೨ರಲ್ಲಿ ಹೊರತಂದಿತು. ಇದು ಪ್ರೋಗ್ರಾಮುಗಳನ್ನು ಹಾಡಿನ ಕ್ಯಾಸೆಟ್ಟುಗಳಲ್ಲಿ ಧ್ವನಿಯಾಗಿ ಉಳಿಸುತ್ತಿತ್ತು. ಶೂನ್ಯವೆಂಬ ಬಿಟ್ಟಿಗೆ ೮೫೫ ಆವರ್ತಗಳ ಎರಡು ಸ್ಪಂದಗಳು. ಒಂದು ಎಂಬ ಬಿಟ್ಟಿಗೆ ೧,೭೧೦ ಆವರ್ತಗಳ ಎರಡು ಸ್ಪಂದಗಳು. ಒಂದು ಇನ್ನೊಂದರ ಸರಿಯಾದ ಇಮ್ಮಡಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆಯೆಂದು ಓದಿದವನಿಗೆ ಇದನ್ನು ಕಂಡು ಸಂತೋಷವಾಗದಿರದು. ಇದು ನಮ್ಮ ಛಂದಶ್ಶಾಸ್ತ್ರದಿಂದ ಹೋಯಿತೆಂದು ನಾನು ಹೇಳುವುದಿಲ್ಲ. ಎರಡು ಬಗೆಯ ಕಾಲವನ್ನು ಸಂದೇಹವಿಲ್ಲದೆ ಬೇರ್ಪಡಿಸಬೇಕಾದಲ್ಲಿ ಇಮ್ಮಡಿಯೇ ಸಹಜವಾದ ಅಳತೆಯೆಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ. ಮರಳಿ ಓದುವಾಗ ಸ್ಪಂದದ ಉದ್ದವನ್ನಳೆಯುವ ತುಣುಕಿನ ಒಂದು ಸುತ್ತಿಗೆ ೫೯ ಆವರ್ತಗಳು. ಎಷ್ಟು ಸುತ್ತುಗಳಾದುವೆಂದು ಎಣಿಸಿ ಲಘುವೋ ಗುರುವೋ ಎಂದು ನಿರ್ಣಯಿಸುವರು. ಬೇರೆ ಗಡಿಯಾರವು ಆ ಯಂತ್ರದಲ್ಲಿ ಈ ಕೆಲಸಕ್ಕಿಲ್ಲ. ಸೂಚನೆಗಳ ಕಾಲಮಾನವೇ ಗಡಿಯಾರ.

ಆದರೆ ಕೋಷ್ಟಕದ ಕಾಲವು ಎಲ್ಲೆಡೆಯಲ್ಲಿಯೂ ಸಿಕ್ಕುವುದಿಲ್ಲ. ಸ್ಪೆಕ್ಟ್ರಮಿನಲ್ಲಿ ೧೬,೩೮೪ನೆಯ ವಿಳಾಸದಿಂದ ೩೨,೭೬೭ರವರೆಗಿನ ಮೆಮೊರಿಯನ್ನು ಚಿತ್ರ ಬರೆಯುವ ಚಿಪ್ಪೂ ಪ್ರೊಸೆಸರೂ ಹಂಚಿಕೊಳ್ಳಬೇಕು. ಪರದೆಯ ಚಿತ್ರವು ನಡೆಯುತ್ತಿರುವಾಗ ಪ್ರೊಸೆಸರು ಅಲ್ಲಿಗೆ ಕೈಹಾಕಿದರೆ, ಬಂದ ಗಳಿಗೆಗೆ ತಕ್ಕಂತೆ ೬, ೫, ೪, ೩, ೨, ೧, ೦, ೦ ಎಂಬ ಕ್ರಮದಲ್ಲಿ ಕಾಯಬೇಕಾಗುತ್ತದೆ. ಅದೇ ವರ್ಷ ಬಂದ ಕೊಮೊಡೋರ್ ೬೪ ಎಂಬ ಕಂಪ್ಯೂಟರಿನಲ್ಲಿಯೂ ಯೂರೋಪಿನ ಪದ್ಧತಿಯಂತೆ ಸಾಲಿಗೆ ೬೩ ಆವರ್ತಗಳಿದ್ದರೂ, ಅಕ್ಷರಗಳ ಪರದೆಯಲ್ಲಿ ಎಂಟು ಸಾಲಿಗೊಮ್ಮೆ ಚಿತ್ರದ ಚಿಪ್ಪು ನಲವತ್ತಕ್ಕೆ ಕಡಮೆಯಿಲ್ಲದ ಆವರ್ತಗಳನ್ನು ಕಸಿದುಕೊಳ್ಳುತ್ತದೆ. ಆದುದರಿಂದ ಪ್ರೊಸೆಸರಿನ ಕೋಷ್ಟಕವು ವ್ಯಾಕರಣವಾದರೆ ಆಯಾ ಕಂಪ್ಯೂಟರಿನ ಪದ್ಧತಿಯು ಪ್ರಯೋಗವೆಂದು ತಿಳಿಯತಕ್ಕದ್ದು. ಎರಡನ್ನೂ ಬಲ್ಲವನೇ ಬಲ್ಲವನು.

೭. ನಿಯತಕಾಲದ ಅಂತ್ಯ

ಸೂಚನೆಗೆ ಗೊತ್ತಾದ ಕಾಲವುಂಟೆಂಬ ಈ ಸ್ಥಿತಿಯು ಹೆಚ್ಚು ದಿನ ನಿಲ್ಲಲಿಲ್ಲ. ೧೯೮೧ರ ಐಬಿಎಂ ಪಿಸಿಯಲ್ಲಿದ್ದ ಇಂಟೆಲ್ ೮೦೮೮ ಪ್ರೊಸೆಸರು ಮುಂದಿನ ಸೂಚನೆಗಳನ್ನು ಮ��ದಾಗಿಯೇ ತಂದಿಟ್ಟುಕೊಳ್ಳುತ್ತಿತ್ತು. ಒಂದು ಬೈಟನ್ನು ತರಲು ೪ ಆವರ್ತ. ಬೆಲೆಯನ್ನು ಒಂದು ಸ್ಥಾನ ಬಲಕ್ಕೆ ಸರಿಸುವ ಎರಡು ಬೈಟುಗಳ ಸೂಚನೆಗೆ ಕೋಷ್ಟಕದಲ್ಲಿ ೨ ಎಂದಿದೆ. ಅಂತಹ ಸೂಚನೆಗಳು ಸಾಲಾಗಿ ಬಂದರೆ ತರುವುದಕ್ಕೇ ೮ ಆವರ್ತಗಳು ಬೇಕಾಗುವುದರಿಂದ ಕೋಷ್ಟಕವು ಸುಳ್ಳಾಗುತ್ತದೆ. ಮೈಕೇಲ್ ಅಬ್ರಾಷ್ ಎಂಬವರು ೧೯೯೦ರ ತಮ್ಮ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿ, ಎಣಿಸಿ ನಂಬಬೇಡಿರಿ, ಅಳೆದು ನಂಬಿರಿ ಎಂಬ ಮಾರ್ಗವನ್ನು ತೋರಿದರು. ೧೯೮೯ರ ೮೦೪೮೬ರಲ್ಲಿ ಪ್ರೊಸೆಸರಿನೊಳಗೇ ಸಣ್ಣ ಮೆಮೊರಿಯೊಂದು ಸೇರಿತು; ೧೯೯೩ರ ಪೆಂಟಿಯಮ್ ಎರಡು ಸೂಚನೆಗಳನ್ನು ಒಮ್ಮೆಗೇ ನಡೆಸಬಲ್ಲುದಾಯಿತು. ಆಮೇಲೆ ಒಂದು ಸೂಚನೆಯ ಕಾಲವೆಷ್ಟೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲದೆ ಹೋಯಿತು.

ಹಳೆಯ ಭಾವನೆಯನ್ನು ಹೊಸ ಯಂತ್ರಕ್ಕೆ ಕೊಂಡೊಯ್ದವರಿಗೆ ಶಿಕ್ಷೆಯೂ ಆಯಿತು. ಟರ್ಬೋ ಪಾಸ್ಕಲ್ ಎಂಬ ಸಾಧನದಿಂದ ಸಿದ್ಧವಾದ ಅನೇಕ ಪ್ರೋಗ್ರಾಮುಗಳು ಆರಂಭದಲ್ಲಿಯೇ ಯಂತ್ರದ ವೇಗವನ್ನಳೆದು, ಆ ಎಣಿಕೆಯನ್ನು ೫೫ರಿಂದ ಭಾಗಿಸುತ್ತಿದ್ದವು. ೧೯೯೦ರ ದಶಕದ ಕೊನೆಯ ವೇಗದ ಪ್ರೊಸೆಸರುಗಳಲ್ಲಿ ಭಾಗಲಬ್ಧವು ೬೫,೫೩೫ನ್ನು ಮೀರಿ, ೨೦೦ನೆಯ ದೋಷವೆಂದು ಹೇಳಿ ಪ್ರೋಗ್ರಾಮು ಮೊದಲ ಹೆಜ್ಜೆಯಲ್ಲಿಯೇ ನಿಂತುಹೋಗುತ್ತಿತ್ತು.

೮. ಪೂರ್ವಪಕ್ಷ ಮತ್ತು ಸಿದ್ಧಾಂತ

ಇಲ್ಲಿ ಪೂರ್ವಪಕ್ಷವೊಂದುಂಟು. ಆ ಯಂತ್ರಗಳು ಮೂಲೆಗೆ ಬಿದ್ದುವು. ಅವುಗಳನ್ನನುಕರಿಸುವ ಎಮ್ಯುಲೇಟರುಗಳು ಹಳೆಯ ಪ್ರೋಗ್ರಾಮುಗಳನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಸುತ್ತಿವೆ. ಕಾಲವನ್ನು ಅವೇ ಎಣಿಸುತ್ತಿರುವಾಗ ಮನುಷ್ಯನು ಏಕೆ ಎಣಿಸಬೇಕು? ಎಂದು.

ಇದಕ್ಕೆ ಸಮಾಧಾನ. ಎಮ್ಯುಲೇಟರೂ ಒಂದು ವ್ಯಾಖ್ಯಾನವೇ. ವ್ಯಾಖ್ಯಾನಕಾರನು ತಿಳಿದಷ್ಟು ಮಾತ್ರ ಅದರಲ್ಲಿರುತ್ತದೆ. ಸೂಚನೆಯು ಮುಗಿದ ಮೇಲೆ ಅದರ ಕಾಲವನ್ನೆಲ್ಲ ಒಟ್ಟಿಗೆ ಸೇರಿಸುವ ಎಮ್ಯುಲೇಟರಿನಲ್ಲಿ ಮೊತ್ತವು ಸರಿಯಾಗಿದ್ದರೂ, ಸೂಚನೆಯ ಯಾವ ಆವರ್ತದಲ್ಲಿ ಬರೆವಣಿಗೆಯಾಯಿತೆಂಬುದು ತಪ್ಪಾಗಬಹುದು; ಅಟಾರಿಯ ಚಿತ್ರಕ್ಕೆ ಅಷ್ಟೇ ಸಾಕು ಕೆಡಲು. ಇಂತಹ ಸಂದೇಹಗಳನ್ನು ಕಳೆಯುವುದಕ್ಕಾಗಿಯೇ ೨೦೧೦ರಲ್ಲಿ ವಿಷುಯಲ್ ೬೫೦೨ ಎಂಬ ಯೋಜನೆಯವರು ಆ ಪ್ರೊಸೆಸರಿನ ಚಿಪ್ಪನ್ನು ಬಿಚ್ಚಿ, ಸೂಕ್ಷ್ಮದರ್ಶಕದಿಂದ ಅದರ ಚಿತ್ರಗಳನ್ನು ತೆಗೆದು, ಒಂದೊಂದು ಟ್ರಾನ್ಸಿಸ್ಟರನ್ನೂ ಗುರುತಿಸಿ, ಅದರಂತೆಯೇ ನಡೆಯುವ ಪ್ರತಿಕೃತಿಯನ್ನು ರಚಿಸಿದರು. ಪಾಠಾಂತರಗಳ ಗೊಂದಲದಲ್ಲಿ ಮೂಲಪ್ರತಿಯನ್ನೇ ಹುಡುಕಿ ತೆಗೆದಂತಹ ಕೆಲಸವಿದು.

ಮೂಲಪ್ರತಿಗಳೂ ಕ್ಷೀಣಿಸುತ್ತಿವೆ. ಸ್ವತಂತ್ರ ಚಿಪ್ಪಾಗಿ ಸುಮಾರು ಅರ್ಧ ಶತಮಾನ ಮಾರಾಟದಲ್ಲಿದ್ದ ಜೆಡ್-೮೦ರ ತಯಾರಿಕೆಯನ್ನು ನಿಲ್ಲಿಸುವುದಾಗಿ ಜೈಲಾಗ್ ಸಂಸ್ಥೆಯು ೨೦೨೪ರಲ್ಲಿ ಪ್ರಕಟಿಸಿತು. ೬೫೦೨ರ ವಂಶದಲ್ಲಿ ಬಂದ ೬೫ಸಿ೦೨ ಎಂಬುದು ಮೂಲದ ದೋಷಗಳನ್ನು ತಿದ್ದಿದುದಾದರೂ, ತಿದ್ದುವಾಗಲೇ ಕಾಲಮಾನವನ್ನೂ ಬದಲಾಯಿಸಿತು. ಮೆಮೊರಿಯಲ್ಲಿ ಬರೆದಿಟ್ಟ ವಿಳಾಸಕ್ಕೆ ನೆಗೆಯುವ ಸೂಚನೆಗೆ ಮೂಲದಲ್ಲಿ ೫ ಆವರ್ತ, ಇದರಲ್ಲಿ ೬. ಹೊಸ ಚಿಪ್ಪು ಹೆಚ್ಚು ಶುದ್ಧ. ಆದರೆ ಹಳೆಯ ಪದ್ಯವು ಅದರಲ್ಲಿ ಮಾತ್ರೆ ತಪ್ಪಬಹುದು.

ಇದೆಲ್ಲಕ್ಕಿಂತ ಮುಖ್ಯವಾದುದು ಅರ್ಥದ ಪ್ರಶ್ನೆ. ಎಮ್ಯುಲೇಟರು ಪ್ರೋಗ್ರಾಮನ್ನು ನಡೆಸೀತು. ೧೫ನ್ನೇ ಏಕೆ ಕಳೆಯಬೇಕೆಂದು ಅದು ಹೇಳದು. ಗಾಯಕನ ಧ್ವನಿಮುದ್ರಣವಿದ್ದ ಮಾತ್ರಕ್ಕೆ ತಾಳವನ್ನು ಕಲಿತಂತಾಗುವುದಿಲ್ಲ. ಈ ಬರೆಹಗಳನ್ನು ಒಂದು ಯುಗದ ಬುದ್ಧಿಯ ಸಾಕ್ಷ್ಯಗಳೆಂದು ಇತಿಹಾಸಕಾರನು ಎಣಿಸುವನಾದರೆ, ಅವುಗಳಲ್ಲಿ ವ್ಯರ್ಥವೆಂದು ತೋರುವುದು ಏಕೆ ಅವಶ್ಯಕವೆಂದು ಹೇಳಬಲ್ಲವರು ನಮ್ಮಲ್ಲಿ ಕೆಲವರಾದರೂ ಇರತಕ್ಕದ್ದು.

ಕಲಿಯುವ ಕ್ರಮವನ್ನು ಸಂಗ್ರಹವಾಗಿ ಹೇಳಿ ಮುಗಿಸುತ್ತೇನೆ. ಮೊದಲು ಒಂದೇ ಪ್ರೊಸೆಸರನ್ನು ಹಿಡಿಯಬೇಕು. ಆರಂಭಿಸುವವನಿಗೆ ೬೫೦೨ ಸುಲಭ. ಕೋಷ್ಟಕವನ್ನು ಮುಚ್ಚಿಟ್ಟು, ಮೆಮೊರಿಯನ್ನು ಮುಟ್ಟುವ ಸಲಗಳನ್ನೆಣಿಸಿ ಕಾಲವನ್ನು ತಾನೇ ಸಾಧಿಸಬೇಕು. ಆಮೇಲೆ ಕೋಷ್ಟಕವನ್ನು ತೆರೆದು ಹೊಂದಿಸಿ ನೋಡಬೇಕು. ಎಲ್ಲಿ ತಪ್ಪಿತೋ ಅಲ್ಲಿ ತಿಳಿಯದ ಕಾರಣವೊಂದಿದೆಯೆಂದು ಅರಿತು ಅದನ್ನು ಹುಡುಕಬೇಕು. ಎರಡನೆಯದಾಗಿ, ಹಳಬರು ಮಾಡುತ್ತಿದ್ದಂತೆ ಪ್ರತಿ ಸಾಲಿನ ಪಕ್ಕದಲ್ಲಿ ಅದರ ಕಾಲವನ್ನೂ ಅಲ್ಲಿಯವರೆಗಿನ ಮೊತ್ತವನ್ನೂ ಕೈಯಿಂದ ಬರೆಯಬೇಕು. ಮೂರನೆಯದಾಗಿ, ಆವರ್ತಗಳನ್ನೆಣಿಸಿ ತೋರಿಸುವ ಎಮ್ಯುಲೇಟರಿನಲ್ಲಿ ನಡೆಸಿ ತನ್ನ ಮೊತ್ತವನ್ನು ಪರೀಕ್ಷಿಸಬೇಕು. ಎರಡೂ ಒಪ್ಪದಿದ್ದರೆ ಪುಟದ ಗಡಿಯನ್ನು ಮೊದಲು ನೋಡಬೇಕು. ನನ್ನ ಎರಡು ದಿನಗಳು ವ್ಯರ್ಥವಾದುದು ಅದನ್ನು ಕೊನೆಗೆ ನೋಡಿದುದರಿಂದಲೇ.